315ರ ಮೇಲೆ ಸ್ಕೋಪ್ ನಿಲ್ಲಿಸಿದ್ದು

ರೈಫಲ್ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು ಕೂರಿಸಿ ಐದು ಗುಂಡು ಹಾರಿಸಿದೆ. ಮೊದಲ ಮೂರೂ ಒಂದು ಅಂಗೈಯಗಲದ ಜಾಗದಲ್ಲಿ ಬಿದ್ದವು. ನಾಲ್ಕನೆಯದು ಗೇಣು ಮೇಲೆ ಹೋಯಿತು. ಐದನೆಯದು ಕಾಗದದ ಮೇಲೆಯೇ ಇಲ್ಲ. ಪಕ್ಕದಲ್ಲಿದ್ದ ಹುಡುಗ, “ಸ್ಕೋಪ್ ಕೆಟ್ಟಿದೆ ಕಾಕಾ, ಬದಲಿಸಿಬಿಡಿ” ಎಂದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವನು ನಾನು. ನನಗೆ ಮೊದಲು ಅನುಮಾನ ಬರುವುದು ಸ್ಕ್ರೂ ಮೇಲೆ, ಗಾಜಿನ ಸರದಿ ಆಮೇಲೆ.

ರೈಫಲ್ ನಮ್ಮ ತಂದೆಯದು. ಅಣ್ಣಿಗೇರಿಯ ಹೊಲದ ಮನೆಯಲ್ಲಿ ಇರುತ್ತಿತ್ತು, ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಇಶಾಪುರ ರೈಫಲ್ ಕಾರ್ಖಾನೆಯ 315; ಈ ಸಂಖ್ಯೆ ಬೋರಿನದು, ಅಂದರೆ ನಳಿಗೆಯ ಒಳ ಅಗಲ. ಸೈನ್ಯದ 303 ನಮ್ಮಂಥವರ ಕೈಗೆ ಬರುವುದಿಲ್ಲ, ಆ ಗುಂಡು ಹಿಡಿಸುವ ರೈಫಲುಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಆದರೆ 315ರ ಮೈಕಟ್ಟು ಅದೇ 303ರದು, ಅಂದರೆ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್‌ ರೈಫಲಿನದು. ಹಾಗಾಗಿ ಹಳೆಯ ಸೈನಿಕನ ಗಟ್ಟಿತನದ ಜೊತೆಗೆ ಅವನ ತಕರಾರುಗಳೂ ಇದಕ್ಕೆ ಬಂದಿವೆ. ಅದರಲ್ಲಿ ದೊಡ್ಡದು, ಸ್ಕೋಪ್ ಕೂರಿಸಲು ಮೈಮೇಲೆ ಜಾಗವನ್ನೇ ಬಿಟ್ಟಿಲ್ಲ ಎನ್ನುವುದು. ಗುಂಡನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟ್ ಹಿಂದೆ ಮುಂದೆ ಓಡಾಡುವ ದಾರಿ ಮೇಲ್ಗಡೆ ಬಯಲಾಗಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ದಾರಿಗೆ ಅಡ್ಡಬಾರದೆಂದು ಸ್ಕೋಪನ್ನು ಎಡಕ್ಕೆ ಸರಿಸಿ ಕೂರಿಸಿದರು, ಗುರಿಕಾರರು ಅದನ್ನು ಬೈದುಕೊಂಡೇ ಬಳಸಿದರು. ಎರಡನೆಯ ಯುದ್ಧದ ನಂಬರ್ 4-ಟಿ ರೈಫಲಿನಲ್ಲಿ ರಿಸೀವರಿನ, ಅಂದರೆ ಬೋಲ್ಟ್ ಓಡಾಡುವ ಲೋಹದ ಮೈಯ ಎಡಗೋಡೆಗೆ ಎರಡು ಪ್ಯಾಡ್ ಬಿಗಿದು, ಕೈಯಿಂದ ತಿರುಗಿಸುವ ಎರಡು ದೊಡ್ಡ ಸ್ಕ್ರೂಗಳಿಂದ ಸ್ಕೋಪನ್ನು ಹಿಡಿಸಿದರು. ಆ ಕೆಲಸದ ಬಹುಪಾಲನ್ನು ಮಾಡಿದ್ದು ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬಂದೂಕು ಕಂಪನಿ. ಯಾವ ರೈಫಲಿಗೆ ಯಾವ ಸ್ಕೋಪ್ ಎಂದು ನಂಬರನ್ನು ರೈಫಲಿನ ಮರದ ಮೇಲೆ ಒತ್ತುತ್ತಿದ್ದರು. ಅದಲುಬದಲು ಮಾಡಿದರೆ ಗುರಿ ಹೋಯಿತೆಂದೇ ಲೆಕ್ಕ.

ಸ್ಕೋಪನ್ನು ರೈಫಲಿಗೆ ಹಿಡಿಸುವ ಚೌಕಟ್ಟಿಗೆ ಮೌಂಟ್ ಎನ್ನುತ್ತಾರೆ; ನಾನು ಮೊದಲು ಕೊಂಡದ್ದು ಸೋಮಾರಿಗಳಿಗೆಂದೇ ಮಾಡಿದ ಮೌಂಟ್. ರಂಧ್ರ ಕೊರೆಯಬೇಕಿಲ್ಲ, ನಳಿಗೆಯ ಮೇಲಿರುವ ಹಿಂದಿನ ಗುರಿಪಟ್ಟಿಯ ಬುಡವನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುತ್ತದೆ. ಹಿಡಿತ ನಾಲ್ಕು ಸೆಂಟಿಮೀಟರ್, ಅಲ್ಲಿಂದ ಹಿಂದಕ್ಕೆ ಹನ್ನೆರಡು ಸೆಂಟಿಮೀಟರ್ ಬರೀ ಗಾಳಿಯಲ್ಲಿ ಚಾಚಿದ ಕೈ. ಆ ಕೈಯ ಮೇಲೆ ಅರ್ಧ ಕಿಲೋದ ಸ್ಕೋಪ್. ವರ್ಕ್‌ಶಾಪಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಲೆಕ್ಕ ಸರಳ. ಸ್ಕೋಪನ್ನು ಹಿಡಿದ ಎರಡು ರಿಂಗುಗಳ ನಡುವೆ ನೂರು ಮಿಲಿಮೀಟರ್ ಇದೆ ಎನ್ನಿ. ಹಿಂದಿನ ರಿಂಗ್ 0.1 ಮಿಲಿಮೀಟರ್, ಅಂದರೆ ಒಂದು ಹಾಳೆಯ ದಪ್ಪದಷ್ಟು ಕದಲಿದರೆ, ನೂರು ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಕಣ್ಣಿಗೆ ಕಾಣದ ಅಲುಗಾಟ ಕಾಗದದ ಮೇಲೆ ಗೇಣಾಗುವುದು ಹೀಗೆ.

ಗುಂಡಿನ ಕೋಟಾ ವರ್ಷಕ್ಕೆ ಇಷ್ಟೇ ಎಂದಿರುವಾಗ ರೋಗ ಹುಡುಕಲು ಗುಂಡು ಸುಡುವುದು ಮೂರ್ಖತನ. ರೈಫಲ್ ಖಾಲಿ ಮಾಡಿ, ಮೌಂಟ್ ಬಿಚ್ಚಿ, ಅದರ ಅಡಿಯನ್ನು ಸೀಮೆಎಣ್ಣೆ ದೀಪದ ಮೇಲೆ ಹಿಡಿದೆ. ಮಸಿ ತೆಳ್ಳಗೆ ಹತ್ತಿತು; ಲೋಹಕ್ಕೆ ಲೋಹ ತಾಗಿದ ಕಡೆ ಅದು ಅಳಿಸಬೇಕು. ಅಲುಗಾಡದಂತೆ ಮತ್ತೆ ಕೂರಿಸಿ, ಬಿಗಿದು, ಬಿಚ್ಚಿ ನೋಡಿದರೆ ಮಸಿ ಅಳಿಸಿದ್ದು ಎರಡೇ ಮೂಲೆಗಳಲ್ಲಿ, ಸಾಸಿವೆ ಕಾಳಿನಷ್ಟು. ಉಳಿದದ್ದೆಲ್ಲ ಕಪ್ಪಗೇ ಇತ್ತು. ಇಡೀ ಸ್ಕೋಪ್ ಎರಡು ಸಾಸಿವೆ ಕಾಳಿನ ಮೇಲೆ ನಿಂತಿತ್ತು. ಸಾಲದ್ದಕ್ಕೆ ಆ ಬುಡ ಇರುವುದು ನಳಿಗೆಯ ಮೇಲೆ, ನಾಲ್ಕು ಗುಂಡಿಗೆ ಬಿಸಿಯಾಗುವ ಜಾಗ.

ಮೌಂಟ್ ರಿಸೀವರಿನ ಎಡಗೋಡೆಗೇ ಬರಬೇಕು ಎಂದು ಅಂದೇ ತೀರ್ಮಾನಿಸಿದೆ. ನಾಲ್ಕು ರಂಧ್ರ ನನಗೆ ಅರ್ಧ ಗಂಟೆಯ ಕೆಲಸ, ಗೋಕುಲ ರಸ್ತೆಯಲ್ಲಿ ಗೆಳೆಯರ ಲೇತ್ ಅಂಗಡಿಗಳೂ ಇವೆ. ಆದರೆ 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಗೂ ಬೇರೆಯದೇ ಲೈಸೆನ್ಸ್ ಬೇಕು. ಕೈ ತುರಿಸಿದರೂ ಸುಮ್ಮನಿದ್ದು, ಲೈಸೆನ್ಸ್ ಇರುವ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ನಾಲ್ಕು ಸ್ಕ್ರೂ ಸಾಕೆಂದರು. ನಾನು ಎರಡು ಡೋವೆಲ್ ಪಿನ್, ಅಂದರೆ ತೂತಿನಲ್ಲಿ ಬಿಗಿಯಾಗಿ ಕೂರುವ ಲೋಹದ ಕಡ್ಡಿ ಕೂಡ ಬೇಕೆಂದೆ.

“ಪಿನ್ ಯಾಕೆ ಸಾಹೇಬರೇ? ಸ್ಕ್ರೂ ಗಟ್ಟಿಯೇ ಇದೆಯಲ್ಲ.”

“ಚಾಚಾ, ಸ್ಕ್ರೂ ಇರುವುದು ಒತ್ತಿ ಹಿಡಿಯಲಿಕ್ಕೆ. ಪೆಟ್ಟು ತಿನ್ನುವುದು ಪಿನ್ನಿನ ಕೆಲಸ.”

ಅವರು ನಕ್ಕರು, ಒಪ್ಪಿದರು. ಪ್ರತಿ ಗುಂಡಿಗೂ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪಿನ ಭಾರ ಇದ್ದಲ್ಲೇ ಇರಲು ನೋಡುತ್ತದೆ. ಆ ಎಳೆದಾಟವೆಲ್ಲ ಸ್ಕ್ರೂವಿನ ಮೇಲೆ ಬಿದ್ದರೆ ಒಂದಲ್ಲ ಒಂದು ದಿನ ಅದು ಸಡಿಲವಾಗಲೇಬೇಕು. ಎಡಗೋಡೆಗೆ ಕೂರುವ ಮೌಂಟಿನ ಪಟ್ಟಿಯ ಒಳಮೈಯನ್ನು ಮೇಸ್ತ್ರಿ ಮಸಿ ಹಿಡಿದು ಹಿಡಿದು ಅರದಿಂದ ಉಜ್ಜಿದರು. ಮೂರನೆಯ ದಿನಕ್ಕೆ ಎಲ್ಲ ಕಡೆ ಹೊಳಪು ಕಂಡಿತು. ಸ್ಕ್ರೂಗಳ ಎಣ್ಣೆ ತೆಗೆದು, ನೀಲಿ ಲಾಕಿಂಗ್ ಅಂಟು ಹಾಕಿ ಬಿಗಿದೆವು. ಪ್ರತಿ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ಮೊಮ್ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ಸ್ಕೋಪನ್ನು ಮಾತ್ರ 4-ಟಿಯ ಹಾಗೆ ಎರಡು ಕೈಸ್ಕ್ರೂಗಳಿಂದ ಕಳಚುವಂತೆ ಮಾಡಿಸಿದೆ. ಅದಕ್ಕೆ ಕಾರಣ ಚುನಾವಣೆ. ಚುನಾವಣೆ ಬಂದರೆ ರೈಫಲ್ ಠಾಣೆಗೆ ಹೋಗಬೇಕು, ಅಲ್ಲಿ ಅದು ಹತ್ತಾರು ಬಂದೂಕುಗಳ ನಡುವೆ ಒರಗಿ ನಿಲ್ಲುತ್ತದೆ. 2023ರಲ್ಲಿ ಸ್ಕೋಪ್ ಸಮೇತ ಕೊಟ್ಟು, ವಾಪಸು ತಂದಾಗ ಹಳೆಯ ಮೌಂಟ್ ಸೊಟ್ಟಗಾಗಿತ್ತು. 2024ರ ಲೋಕಸಭಾ ಚುನಾವಣೆಗೆ ಸ್ಕೋಪ್ ಕಳಚಿ ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟು, ಬರೀ ರೈಫಲ್ ಒಯ್ದು ಕೊಟ್ಟೆ.

ಮರಳಿ ಬಂದ ಮೇಲೆ ರೇಂಜಿನಲ್ಲಿ ಮೊದಲು ಮುಂದಿನ ಕೈಸ್ಕ್ರೂ, ಆಮೇಲೆ ಹಿಂದಿನದು, ಯಾವಾಗಲೂ ಇದೇ ಕ್ರಮದಲ್ಲಿ ಬಿಗಿದೆ. ಬೋಲ್ಟ್ ಹೊರತೆಗೆದು ನಳಿಗೆಯೊಳಗಿಂದ ಗುರಿಫಲಕ ನೋಡಿ, ಸ್ಕೋಪಿನ ಗೆರೆಯೂ ಅಲ್ಲೇ ಇದೆಯೇ ಎಂದು ತಾಳೆ ನೋಡಿದೆ. ಐವತ್ತು ಮೀಟರಿಗೆ ಮೂರು ಗುಂಡು. ಚುನಾವಣೆಗೆ ಮೊದಲಿನ ಕಾಗದದ ಮೇಲೆ ಹೊಸದನ್ನು ಇಟ್ಟು ಬಿಸಿಲಿಗೆ ಹಿಡಿದರೆ ತೂತುಗಳ ನಡುವೆ ಎರಡು ಬೆರಳಿನ ಅಂತರವಿತ್ತು. ಕೆಂಪು ಗೆರೆ ನಾಲ್ಕೂ ಕಡೆ ಹಾಗೇ ಇದ್ದವು.

ಸ್ಕೋಪ್ ಎತ್ತರಕ್ಕೆ ಹೋದದ್ದರಿಂದ ಕೆನ್ನೆಗೆ ಆಸರೆ ಸಿಗುತ್ತಿಲ್ಲ. ಸದ್ಯಕ್ಕೆ ಹಳೆಯ ಕಂಬಳಿಯ ತುಂಡೊಂದನ್ನು ಮಡಿಸಿ ಮರಕ್ಕೆ ಸುತ್ತಿದ್ದೇನೆ. ಅದು ಪ್ರತಿ ಎರಡನೆಯ ಗುಂಡಿಗೆ ಜಾರುತ್ತದೆ.