ಮೇ ತಿಂಗಳದಾಗ ಮಲಗೂದು ಎಲ್ಲಿ?

ಕಲಬುರಗಿ ರಿಂಗ್ ರೋಡಿನ ಆಚೆ, ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳ ನಕ್ಷೆ ನನ್ನ ಪಾಲಿಗೆ ಬಂದಿತ್ತು. 30 ಚದರ ಮೀಟರ್‌ನಲ್ಲಿ ಹಾಲ್, ಕೋಣೆ, ಅಡುಗೆಮನೆ, ಬಚ್ಚಲು, ಸಂಡಾಸು ಹೊಂದಿಸಿದರೆ ಗೆದ್ದೆ ಅಂದುಕೊಂಡಿದ್ದೆ.

ಮೊದಲ ತಲೆನೋವು ನೆಲದ್ದು. ನಮ್ಮ ಎರೆಮಣ್ಣು ತೊಗರಿಗೆ ಬಂಗಾರ, ಬುನಾದಿಗೆ ಶನಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ತುದಿಯಲ್ಲಿ ಗೆಡ್ಡೆಯಂತೆ ದಪ್ಪಗಿರುವ ಅಂಡರ್‌ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬಗಳನ್ನು, ತೇವ ಅಷ್ಟಾಗಿ ಏರಿಳಿಯದ 3.5 ಮೀಟರ್ ಆಳಕ್ಕೆ ಇಳಿಸಿದೆವು. ಮಣ್ಣು ಉಬ್ಬಲೆಂದು ಗೋಡೆ ಹೊರುವ ಪ್ಲಿಂತ್ ಬೀಮಿನ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಿಸಿದ್ದೆ. ಯಾರೋ ಮರೆತಿದ್ದಾರೆಂದು ಮೇಸ್ತ್ರಿ ಒಂದು ಸಾಲಿಗೆ ಮುರುಮ್ ಮಣ್ಣು ಜಡಿದುಬಿಟ್ಟಿದ್ದ. ಅಷ್ಟನ್ನೂ ಕೆದರಿಸಿ ತೆಗೆಸಬೇಕಾಯಿತು.

ಬುನಾದಿ ತೋಡುವ ಮೊದಲೇ ನಕ್ಷೆ ಹಿಡಿದು, ಈ ಮನೆಗಳಿಗೆ ಬರುವವರ ಗಲ್ಲಿಗೆ ಹೋಗಿದ್ದೆ. ಮುದುಕಿಯೊಬ್ಬಳು ಮೊಮ್ಮಗನಿಂದ ಎಲ್ಲ ಓದಿಸಿಕೊಂಡು ಕೇಳಿದಳು, "ಛಲೋ ಅದ ಸಾಹೇಬ್ರ, ಮೇ ತಿಂಗಳದಾಗ ಮಲಗೂದು ಎಲ್ಲಿ?"

ಕೋಣೆಯ ಮೇಲೆ ಬೆರಳಿಟ್ಟೆ.

"ಅಲ್ಲೇನ್ ರೊಟ್ಟಿ ಸುಡಬೇಕ್ರಿ."

ಅವಳು ಹೇಳಿದ್ದು ಮಾಳಿಗೆಯ, ಅಂದರೆ ಛತ್ತಿನ ಮೇಲೆ ಮಲಗುವ ಮಾತು. ನನ್ನ ನಕ್ಷೆಯಲ್ಲಿ ಅದಕ್ಕಿದ್ದದ್ದು ಕಬ್ಬಿಣದ ಏಣಿ, ಎರಡಡಿ ಕಿಂಡಿ, ಮೇಲೆ ತುಂಬ ನೀರಿನ ಟಾಕಿಗಳು. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಊರು. ಮೇ ಎರಡನೇ ವಾರದ ಮಟಮಟ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಗೋಡೆಗಿಂತ ಛತ್ತೇ ಹೆಚ್ಚು ಕಾಯುತ್ತದೆ, ರಾತ್ರಿಯೆಲ್ಲ ಆ ಕಾವನ್ನು ಕೆಳಗೆ ಮಲಗಿದವರ ಮೇಲೆ ಕಾರುತ್ತದೆ. ಇಲ್ಲೇ ಹುಟ್ಟಿ, ಹುಡುಗನಿದ್ದಾಗ ಮಾಳಿಗೆ ಮೇಲೆ ಮಲಗಿ ಬೆಳೆದವನು ನಾನು. ಡಿಗ್ರಿ ಓದುವಾಗ ಅದೆಲ್ಲಿ ಉದುರಿಹೋಯಿತೋ!

ಮೆಟ್ಟಿಲನ್ನು ಪೂರ್ತಿ ಅಗಲದಲ್ಲೇ ಮೇಲಕ್ಕೆ ಒಯ್ದೆ. ಟಾಕಿಗಳು ಮೆಟ್ಟಿಲಮನೆಯ ತಲೆ ಏರಿದವು. ಎದೆಯೆತ್ತರದ ಪ್ಯಾರಾಪೆಟ್, ಛತ್ತಿಗೆ ಸುಣ್ಣ. ಖರ್ಚಿಗೆ ಆಕ್ಷೇಪ ಬಂತು. ಎದುರಿನ ಅಲಂಕಾರದ ಕಮಾನುಗಳನ್ನು ಕೈಬಿಟ್ಟು ಲೆಕ್ಕ ಸರಿಮಾಡಿದೆ. ಇಳಿಬಿಸಿಲಿಗೆ ಅಗಲ ಕಡಿಮೆಯ ಗೋಡೆ ಸಿಗಲೆಂದು ಬ್ಲಾಕುಗಳನ್ನು ಪೂರ್ವ–ಪಶ್ಚಿಮ ಉದ್ದಕ್ಕೆ ತಿರುಗಿಸಿದ್ದಕ್ಕೆ ಆರು ಮನೆ ಕಡಿಮೆಯಾದವು. ಅದನ್ನು ಒಪ್ಪಿಸುವಷ್ಟರಲ್ಲಿ ಹೈರಾಣಾದೆ.

ಜನ ಬಂದ ಮೊದಲ ಬೇಸಿಗೆಯ ಒಂದು ರಾತ್ರಿ ಹೋಗಿ ನೋಡಿದೆ. ಹಾಸಿಗೆಗಳ ನಡುವೆ ಹಗ್ಗ, ಹಗ್ಗಕ್ಕೆ ಸೀರೆ: ಹೆಣ್ಣುಮಕ್ಕಳು ಮರೆ ಮಾಡಿಕೊಂಡಿದ್ದರು. ಒಂದು ಬ್ಲಾಕಿನಲ್ಲಂತೂ ಹುಡುಗರು ಇಸ್ಪೀಟ್ ಆಡುತ್ತಾರೆಂದು ಮಾಳಿಗೆ ಬಾಗಿಲಿಗೆ ಬೀಗವೇ ಬಿದ್ದಿತ್ತು. ಬೀಗಕ್ಕೆ ನನ್ನಲ್ಲಿ ಮದ್ದಿಲ್ಲ. ಮರೆಗೆ ಈಗಿನ ನಕ್ಷೆಯಲ್ಲಿ ಮಾಳಿಗೆಯ ನಡುವೆ ಆಳೆತ್ತರದ, ಗಾಳಿ ಹಾಯುವ ಕಿಂಡಿಗಳ ಜಾಲಿ ಗೋಡೆ ಎಳೆದಿದ್ದೇನೆ.