ಟರ್ಕಿ ಬೇಟೆಗೆ ಹೊರಟಿದ್ದೀರಾ? ಮೊದಲು ನಳಿಗೆ ಮೇಲೆ ಬರೆದಿರುವುದನ್ನು ಓದಿ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಲ್ಲಿ ಒಬ್ಬಿಬ್ಬರಾದರೂ ಕೇಳುತ್ತಲೇ ಇರುತ್ತಾರೆ, ಇಲ್ಲಿ ಕಾಡು ಟರ್ಕಿ ಕೋಳಿ ಬೇಟೆಗೆ ಹೋಗಬಹುದಂತೆ, ನಿಜಾನಾ ಅಂತ. ಹೆಚ್ಚಾಗಿ ಕೊಡಗು, ಸಕಲೇಶಪುರ, ಶೃಂಗೇರಿ ಕಡೆಯವರು. ಮನೆಯಲ್ಲಿ ಅಜ್ಜನ ಜೋಡುನಳಿಗೆ ಕೋವಿ ನೋಡಿಕೊಂಡೇ ಬೆಳೆದವರು. ನಿಜ, ಹೋಗಬಹುದು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಕಥೆ, ಇಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು, ಸೀಸನ್ ಇಟ್ಟು, ಲೆಕ್ಕ ಹಾಕಿ ಬಿಡುತ್ತದೆ. ಆದರೆ "ಕೋವಿ ನನಗೇನು ಹೊಸದಾ" ಅನ್ನುವ ಧೈರ್ಯ ಇದೆಯಲ್ಲ, ಅದನ್ನು ಸ್ವಲ್ಪ ಬದಿಗಿಟ್ಟು ಓದಿ.

ಮೊದಲು ವೀಸಾ ವಿಷಯ. ಎಚ್-1ಬಿ, ಎಲ್-1, ಎಫ್-1, ಎಚ್-4 ಯಾವುದೇ ಇರಲಿ, ನಾನ್‌ಇಮಿಗ್ರಂಟ್ ವೀಸಾದಲ್ಲಿ, ಅಂದರೆ ತಾತ್ಕಾಲಿಕ ವೀಸಾದಲ್ಲಿ, ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಸ್ನೇಹಿತರ ಕೋವಿ ಕೈಗೆ ತೆಗೆದುಕೊಳ್ಳುವುದೂ ಆಮೇಲೆಯೇ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಲೈಸೆನ್ಸಿಗೆ ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗಬೇಕು, ಮತ್ತೆ ಆ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಂದು ನೀವು ಹೊಸದು ಮಾಡಿಸಿಲ್ಲ, ಕಪಾಟಿನಲ್ಲಿ ಒಂದು ಪೊಟ್ಟಣ ತೋಟಾ ಕೂತಿದೆ ಅಂದರೆ ಅದೂ ತಲೆನೋವೇ. ಅನುಮಾನ ಇದ್ದರೆ ಇಮಿಗ್ರೇಶನ್ ವಕೀಲರನ್ನು ಕೇಳಿ, ಪಾಟ್‌ಲಕ್‌ನಲ್ಲಿ ಸಿಕ್ಕಿದ ಅಂಕಲ್‌ನ ಅಲ್ಲ.

ಈಗ ಕೋವಿಗೆ ಬರೋಣ. ನಳಿಗೆಯ ಪಕ್ಕದಲ್ಲಿ, ತೋಟಾ ಕೂರುವ ಜಾಗದ ಹತ್ತಿರ, ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ: 12 ಗೇಜ್, 2¾ ಇಂಚು ಅಥವಾ 3 ಇಂಚು, ಕೆಲವಕ್ಕೆ 3½. ಇಂಚು ಅಂದರೆ ಆ ಕೋವಿಗೆ ಹಾಕಬಹುದಾದ ತೋಟಾದ ಉದ್ದ. ಟಾರ್ಚ್ ಹಾಕಿ ಓದಿ. ಗೇಜ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ನಂಬರ್ ದೊಡ್ಡದಾದಷ್ಟೂ ನಳಿಗೆ ಕಿರಿದು. ಊರಲ್ಲಿ ಹನ್ನೆರಡು ಬೋರ್ ಅನ್ನುವುದೇ ಇಲ್ಲಿನ 12 ಗೇಜ್.

ಉದ್ದದ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ತೋಟಾದ ಮೇಲೆ 3 ಇಂಚು ಅಂತ ಬರೆದಿದ್ದರೆ ಅದು ಹೊಡೆದಾದ ಮೇಲೆ, ಬಾಯಿಯ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯದ ತೋಟಾ ಅದಕ್ಕಿಂತ ಗಿಡ್ಡ. ಹಾಗಾಗಿ 3 ಇಂಚಿನದ್ದು 2¾ ಇಂಚಿನ ಕೋವಿಯೊಳಗೆ ಆರಾಮಾಗಿ ಕೂತುಬಿಡಬಹುದು, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಒಳಗೆ ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಒಳಗೆ ಹೋಯಿತು ಅಂದ ಮಾತ್ರಕ್ಕೆ ಸರಿಹೊಂದಿತು ಅಂತಲ್ಲ. ಗಿಡ್ಡ ತೋಟಾವನ್ನು ಉದ್ದ ಚೇಂಬರಿಗೆ (ತೋಟಾ ಕೂರುವ ಜಾಗಕ್ಕೆ) ಹಾಕಬಹುದು, ಉಲ್ಟಾ ಮಾತ್ರ ಬೇಡವೇ ಬೇಡ.

ಗೇಜ್ ಕಲಸುಮೇಲೋಗರ ಆದರೆ ಇನ್ನೂ ಕೆಟ್ಟದ್ದು. 20 ಗೇಜಿನ ತೋಟಾ 12 ಗೇಜಿನ ಕೋವಿಗೆ ಬಿದ್ದರೆ ಜಾರಿ ನಳಿಗೆಯೊಳಗೆ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನೀವು ಕುದುರೆ (ಟ್ರಿಗರ್) ಎಳೆದಿರಿ, ಈಡು ಹಾರಲಿಲ್ಲ, ತೆಗೆದು ನೋಡಿದರೆ ಖಾಲಿ. ಓಹ್, ಹಾಕಿಯೇ ಇಲ್ಲ ಅಂದುಕೊಂಡು ಅದರ ಹಿಂದೆ 12 ಗೇಜಿನದ್ದು ಹಾಕುತ್ತೀರಿ. ನಳಿಗೆ ನಿಮ್ಮ ಎಡಗೈ ಹಿಡಿದಿರುವ ಜಾಗದಲ್ಲೇ ಸಿಡಿಯುತ್ತದೆ. 20 ಗೇಜ್ ತೋಟಾ ಹಳದಿ ಬಣ್ಣದಲ್ಲಿ ಬರುವುದು ಇದೇ ಕಾರಣಕ್ಕೆ. ಎರಡೂ ಗೇಜಿನ ತೋಟಾ ಒಂದೇ ಜೇಬಿನಲ್ಲಿ, ಒಂದೇ ಬ್ಯಾಗಿನಲ್ಲಿ ಇರಲೇಬಾರದು. ಹಾಗೆಯೇ ಯಾವತ್ತಾದರೂ ಈಡಿನ ಶಬ್ದ "ಪುಸ್" ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆ ಆರುಪಾರು ಕಾಣುತ್ತದಾ ಅಂತ ಹಿಂದಿನ ತುದಿಯಿಂದ ನೋಡಿ.

ಇನ್ನು ಚೋಕ್. ನಳಿಗೆಯ ಬಾಯಿಯಲ್ಲಿ ಸ್ವಲ್ಪ ಕಿರಿದಾಗಿಸಿ, ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಬೇಗ ಹರಡದಂತೆ ಮಾಡುವ ವ್ಯವಸ್ಥೆ ಅದು. ಅಜ್ಜನ ಕೋವಿಯಲ್ಲಿ ಅದು ನಳಿಗೆಯ ಭಾಗವೇ ಆಗಿತ್ತು, ಹೊರಗೆ ಕಾಣುತ್ತಿರಲಿಲ್ಲ. ಈಗಿನ ಕೋವಿಗಳಲ್ಲಿ ತಿರುಪಿ ಹಾಕುವ ಸಣ್ಣ ಕೊಳವೆ. 12 ಗೇಜಿನಲ್ಲಿ ಇಂಪ್ರೂವ್ಡ್ ಸಿಲಿಂಡರ್ ಅಂದರೆ ಸುಮಾರು 0.010 ಇಂಚು ಬಿಗಿ, ಮಾಡಿಫೈಡ್ 0.020, ಫುಲ್ 0.035. ಟರ್ಕಿ ಚೋಕ್ ಅಂತ ಮಾರುವುದು ಅದಕ್ಕಿಂತ ಬಿಗಿ. ಯಾಕೆ ಇಷ್ಟು ಬಿಗಿ ಅಂದರೆ ಟರ್ಕಿಗೆ ಮೈಗೆ ಹೊಡೆಯುವುದಿಲ್ಲ. ಪುಕ್ಕ, ರೆಕ್ಕೆ ದಪ್ಪ, ಗಾಯಗೊಂಡು ಹೋಗಿ ಎಲ್ಲೋ ಸಾಯುತ್ತದೆ. ತಲೆ ಮತ್ತು ಕತ್ತು, ಅಷ್ಟೇ ಗುರಿ.

ಚೋಕಿಗೂ ತೋಟಾಕ್ಕೂ ಜಗಳ ಬರುವುದು ಚರೆಯ ಲೋಹದಿಂದ. ಸೀಸ ಮೆತ್ತಗೆ, ಬಿಗಿ ಬಾಯಿಯಲ್ಲಿ ಒತ್ತಿಕೊಂಡು ಹೊರಗೆ ಹೋಗುತ್ತದೆ. ಸ್ಟೀಲ್ ಒತ್ತಿಕೊಳ್ಳುವುದಿಲ್ಲ. ದಪ್ಪ ಸ್ಟೀಲ್ ಚರೆಯನ್ನು ಬಿಗಿ ಚೋಕಿನಲ್ಲಿ ಹೊಡೆದರೆ ಕೊಳವೆ ನಳಿಗೆಗೆ ಕಚ್ಚಿಕೊಳ್ಳಬಹುದು, ನಳಿಗೆಯ ಬಾಯಿ ಉಬ್ಬಬಹುದು, ಒಡೆಯಲೂಬಹುದು. ಕ್ಯಾಲಿಫೋರ್ನಿಯಾದವರಿಗೆ ಇದು ದೂರದ ಮಾತಲ್ಲ. 2019ರ ಜುಲೈ 1ರಿಂದ ಇಲ್ಲಿ ಯಾವ ಬೇಟೆಗೂ ಸೀಸ ಬಳಸುವ ಹಾಗಿಲ್ಲ. ಅಂಗಡಿಗೆ ಹೋದವರು ಅಗ್ಗದ ಸ್ಟೀಲ್ ತೋಟಾ ಒಂದು ಪೊಟ್ಟಣ, ಚೆನ್ನಾಗಿ ಕಾಣುವ ಟರ್ಕಿ ಚೋಕ್ ಒಂದು, ಎರಡನ್ನೂ ಒಟ್ಟಿಗೆ ತಂದುಬಿಡುತ್ತಾರೆ. ಆ ಚೋಕಿನ ಮೈಮೇಲೇ "ಸ್ಟೀಲ್ ಬೇಡ" ಅಂತಲೋ "ಸೀಸ ಮಾತ್ರ" ಅಂತಲೋ ಬರೆದಿರುತ್ತದೆ, ಓದಬೇಕಲ್ಲ! ಸ್ಟೀಲಿಗೆ ಸಾಮಾನ್ಯವಾಗಿ ಮಾಡಿಫೈಡ್‌ಗಿಂತ ಬಿಗಿ ಹೋಗಬೇಡಿ, ಚೋಕ್ ಮಾಡಿದವರೇ ಆಗುತ್ತದೆ ಅಂತ ಬರೆದುಕೊಟ್ಟಿದ್ದರೆ ಮಾತ್ರ ಬೇರೆ. ಯಾರೋ ಮಾರಿದ ಹಳೇ ಕಾಲದ, ತೆಳು ನಳಿಗೆಯ ಕೋವಿಗೆ ಸ್ಟೀಲ್ ಬೇಡವೇ ಬೇಡ.

ಸ್ಟೀಲ್ ಹಗುರ, ದೂರಕ್ಕೆ ಹೋದಂತೆ ಬೇಗ ಸೊರಗುತ್ತದೆ, ಹಾಗಾಗಿ ಟರ್ಕಿಗೆ ನನಗಂತೂ ಇಷ್ಟವಿಲ್ಲ. ಬಿಸ್ಮತ್ ಮೆತ್ತಗಿನದ್ದು, ಸೀಸಕ್ಕಿಂತ ಸ್ವಲ್ಪ ಹಗುರ. ಟಂಗ್‌ಸ್ಟನ್ ಸೂಪರ್ ಶಾಟ್, ಎಲ್ಲರೂ ಟಿಎಸ್‌ಎಸ್ ಅನ್ನುವುದು, ಸೀಸಕ್ಕಿಂತ ಒಂದೂವರೆ ಪಟ್ಟು ಭಾರ. ಅದಕ್ಕೇ 9ನೇ ನಂಬರಿನ ಪುಡಿ ಚರೆ ಕೂಡ ಟರ್ಕಿಗೆ ಸಾಕಾಗುತ್ತದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದು ಸ್ಟೀಲಿಗಿಂತಲೂ ಗಟ್ಟಿ, ಹಾಗಾಗಿ ಟಿಎಸ್‌ಎಸ್‌ಗೆ ಆಗುತ್ತದೆ ಅಂತ ಹೇಳಿರುವ ಚೋಕ್ ಮಾತ್ರ ಹಾಕಿ. ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು, ಗೊತ್ತಲ್ವಾ. ಆದರೆ ಊರಿನ ನಂಬರ್ ಬ್ರಿಟಿಷರ ಲೆಕ್ಕ, ಇಲ್ಲಿನದ್ದು ಬೇರೆ: ಅಮೆರಿಕದ 6ನೇ ನಂಬರ್ ಚರೆ ಸುಮಾರು 2.8 ಮಿ.ಮೀ., ಬ್ರಿಟಿಷರದ್ದು 2.6. ಎಲ್‌ಜಿ, ಎಸ್‌ಜಿ ಅನ್ನುವ ಊರಿನ ದಪ್ಪ ಚರೆಯ ಹೆಸರೆಲ್ಲ ಇಲ್ಲಿ ಮರೆತುಬಿಡಿ.

ಚೋಕ್ ಕೊಳ್ಳುವಾಗ 12 ಗೇಜ್ ಅಂತ ಕೇಳಿದರೆ ಸಾಲದು. ಒಂದೊಂದು ಕಂಪನಿಯ ತಿರುಪಿನ ಮರೆ (ಥ್ರೆಡ್) ಒಂದೊಂದು ಥರ, ಒಂದೇ ಕಂಪನಿಯಲ್ಲೇ ಎರಡು ಮೂರು ಥರ ಇರುತ್ತವೆ. ಬ್ರೌನಿಂಗ್‌ನ ಇನ್‌ವೆಕ್ಟರ್ ಬೇರೆ, ಇನ್‌ವೆಕ್ಟರ್ ಪ್ಲಸ್ ಬೇರೆ. ನಿಮ್ಮ ಕೋವಿಯ ಮಾಡೆಲ್ ಹೇಳಿ ಕೇಳಿ. ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿದ ಮೇಲೆಯೇ ಚೋಕ್ ತಿರುಪಿ. ಮರೆಗೆ ಒಂದು ತೊಟ್ಟು ಎಣ್ಣೆ ಸವರಿ, ಕೊನೆಯವರೆಗೂ ಕೂರಿಸಿ. ಹೊಡೆಯುತ್ತಾ ಹೋದಂತೆ ಸಡಿಲವಾಗುತ್ತದೆ, ಮಧ್ಯೆ ಮಧ್ಯೆ ಕೋವಿ ಖಾಲಿ ಮಾಡಿ ನೋಡುತ್ತಿರಿ. ಸಡಿಲ ಚೋಕಿನಲ್ಲಿ ಹೊಡೆಯುವುದು, ಚೋಕೇ ಇಲ್ಲದೆ ಹೊಡೆಯುವುದು, ಎರಡರಲ್ಲೂ ನಳಿಗೆ ಹಾಳಾಗುತ್ತದೆ.

ಇಷ್ಟಾದ ಮೇಲೆ ರೇಂಜಿಗೆ ಹೋಗಿ ಹಾಳೆ ಮೇಲೆ ಹೊಡೆದು ನೋಡಲೇಬೇಕು. ಕನ್ನಡಕ, ಕಿವಿಮುಚ್ಚು ಮರೀಬೇಡಿ. ಮೊದಲು ಹಗುರ ಟಾರ್ಗೆಟ್ ತೋಟಾ ಹಾಕಿ, ಚರೆ ನೀವು ನೋಡಿದ ಕಡೆಗೇ ಹೋಗುತ್ತಿದೆಯಾ ಅಂತ ತಿಳಿದುಕೊಳ್ಳಿ, ಯಾಕಂದರೆ ಟರ್ಕಿ ತೋಟಾ ಭುಜಕ್ಕೆ ಸರಿಯಾಗಿಯೇ ಒದೆಯುತ್ತದೆ. ಆಮೇಲೆ ಬೇಟೆಗೆ ಒಯ್ಯುವ ಅದೇ ತೋಟಾವನ್ನು 40 ಗಜದಿಂದ ದೊಡ್ಡ ಹಾಳೆಗೆ ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಕಡೆ 10 ಇಂಚಿನ ವೃತ್ತ ಎಳೆದು ತೂತು ಎಣಿಸಿ, ಎಣಿಸಿದ ತೂತಿಗೆ ಪೆನ್ನಿನಿಂದ ಗುರುತು ಹಾಕುತ್ತಾ ಹೋಗಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನೂರು ಬಂದರೆ ಚೆನ್ನಾಗಿದೆ ಅನ್ನುವುದು ಇಲ್ಲಿನವರ ರೂಢಿ. ಬರಲಿಲ್ಲವಾ, 30 ಗಜಕ್ಕೆ ಬಂದು ನೋಡಿ, ಅಲ್ಲಿ ಬಂದರೆ ನಿಮ್ಮ ಮಿತಿ 30 ಗಜ. ತೋಟಾದ ಬ್ರಾಂಡ್ ಬದಲಿಸಿದರೆ ಅದೇ ಚೋಕಿನಲ್ಲಿ ಬೇರೆಯೇ ಹರಡು ಬರುತ್ತದೆ. ಬಿಗಿ ಜಾಸ್ತಿಯಾದರೆ ಹರಡು ಕೆಡುವುದೂ ಉಂಟು. ಹತ್ತು ಹದಿನೈದು ಗಜದಲ್ಲೂ ಒಮ್ಮೆ ಹೊಡೆದು ನೋಡಿ, ಹಾಳೆಯಲ್ಲಿ ಮುಷ್ಟಿಯಷ್ಟು ಒಂದೇ ತೂತು ಬಿದ್ದಿರುತ್ತದೆ. ಹಕ್ಕಿ ಹತ್ತಿರ ಬಂದಷ್ಟೂ ಸುಲಭ ಅಂದುಕೊಂಡವರು ತಪ್ಪಿಸಿಕೊಳ್ಳುವುದು ಅಲ್ಲೇ.

ಕಾಡಿನಲ್ಲಿ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಕರ್ಚೀಫ್ ಕೂಡ. ಗಂಡು ಟರ್ಕಿಯ ತಲೆ ಇದೇ ಬಣ್ಣಗಳದ್ದು. ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಟರ್ಕಿಯ ಕೂಗು ಕೇಳಿದ ಕಡೆಗೆ ಪೊದೆಯೊಳಗೆ ನುಸುಳಿಕೊಂಡು ಹೋಗಬೇಡಿ, ಹಕ್ಕಿಯಂತೆ ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರನೇ ಇರಬಹುದು. ಯಾರಾದರೂ ಬರುತ್ತಿರುವುದು ಕಂಡರೆ ಕೈ ಬೀಸಬೇಡಿ, ಅಲ್ಲಾಡದೆ ಬಾಯಿಬಿಟ್ಟು ಗಟ್ಟಿಯಾಗಿ ಕೂಗಿ. ವಸಂತದ ಸೀಸನ್‌ನಲ್ಲಿ ಗಡ್ಡ (ಎದೆಯಿಂದ ಜೋತುಬೀಳುವ ಕೂದಲಿನಂಥ ಪುಕ್ಕದ ಗೊಂಚಲು) ಇರುವ ಟರ್ಕಿ ಮಾತ್ರ, ಎದೆಯ ಮೇಲೆ ಗಡ್ಡ ಕಂಡ ಮೇಲೆಯೇ ಬೆರಳು ಕುದುರೆಗೆ ಹೋಗಲಿ.

ಸೀಸನ್ ಮುಗಿದ ದಿನ ಟರ್ಕಿ ಚೋಕ್ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿ ಮಾಡಿಫೈಡ್ ತಿರುಪಿಬಿಡಿ. ಆಮೇಲೆ ಬಾತುಕೋಳಿಗೆ ಅಂತ ಸ್ಟೀಲ್ ತೆಗೆದುಕೊಂಡು ಹೊರಡುತ್ತೀರಿ, ಇಲ್ಲಾ ಕಾಡುಹಂದಿಗೆ ಅಂತ ಒಂಟಿ ಗುಂಡಿನ ಸ್ಲಗ್ ಹಾಕುತ್ತೀರಿ, ಆಗ ಬಾಯಲ್ಲಿ ಇನ್ನೂ ಟರ್ಕಿ ಚೋಕೇ ಕೂತಿದ್ದರೆ ಕಷ್ಟ.