ಬೈಬಲ್ ಸ್ಟಡಿಯಲ್ಲಿ ಹಾಲೊಕಾಸ್ಟ್ ಬಗ್ಗೆ ಮಾತಾಡೋದು ಹೇಗೆ? ಹಿಟ್ಲರ್‌ನಿಂದ ಮಾತ್ರ ಶುರು ಮಾಡ್ಬೇಡಿ

ಯೂತ್ ಫೆಲೋಶಿಪ್ಪಲ್ಲೋ ಲೆಂಟ್ ಟೈಮಿನ ಬೈಬಲ್ ಸ್ಟಡಿಯಲ್ಲೋ ಹಾಲೊಕಾಸ್ಟ್, ಅಂದ್ರೆ ನಾಜಿಗಳು ಮಾಡಿದ ಯೆಹೂದ್ಯರ ಸಾಮೂಹಿಕ ಕೊಲೆ, ಈ ಟಾಪಿಕ್ ತಗೋಬೇಕು ಅಂತಿರೋರಿಗೆ ಇದನ್ನ ಬರೀತಿದೀನಿ. ಮಾಮೂಲಿ ಏನಾಗತ್ತೆ ಅಂದ್ರೆ, ಪ್ರೊಜೆಕ್ಟರಲ್ಲಿ ಆಶ್‌ವಿಟ್ಜ್ ಅನ್ನೋ ನಾಜಿ ಕ್ಯಾಂಪಿನ ಫೋಟೋ ಹಾಕ್ತಾರೆ, 60 ಲಕ್ಷ ಯೆಹೂದ್ಯರನ್ನ ಕೊಂದ್ರು ಅಂತಾರೆ, ಹಿಟ್ಲರ್ ಸೈತಾನನ ಏಜೆಂಟ್ ಅಂತಾರೆ, ಎಲ್ರೂ ಅಯ್ಯೋ ಅಂತಾರೆ, ಒಂದು ಪ್ರಾರ್ಥನೆ, ಟೀ ಬಿಸ್ಕೆಟ್, ಮನೆಗೆ. ಬಂದವ್ರು ತಾವು ಒಳ್ಳೆಯವ್ರು ಅನ್ನೋದನ್ನ ಇನ್ನಷ್ಟು ಗಟ್ಟಿಯಾಗಿ ನಂಬ್ಕೊಂಡು ಹೋಗ್ತಾರೆ. ಲೂಕ 18ರ ಫರಿಸಾಯ ಮಾಡಿದ್ದೂ ಇದೇ ಪ್ರಾರ್ಥನೆ ತಾನೆ, ನಾನು ಆ ಮನುಷ್ಯನ ಹಾಗಲ್ಲ, ಸ್ತೋತ್ರ ಸ್ವಾಮಿ ಅಂತ.

ಅದಕ್ಕೇ ನನ್ನ ಸಲಹೆ, ಹಿಟ್ಲರ್‌ನ ಪಕ್ಕಕ್ಕಿಡಿ, ಚರ್ಚ್ ಆಫೀಸಿಂದ ಶುರು ಮಾಡಿ.

1933ರ ಏಪ್ರಿಲಲ್ಲಿ ನಾಜಿ ಸರ್ಕಾರ ಒಂದು ಕಾನೂನು ತಂತು, ಸರ್ಕಾರಿ ನೌಕರಿಯಲ್ಲಿ ಉಳೀಬೇಕಾದ್ರೆ ನೀವು ಆರ್ಯರು ಅಂತ ತೋರಿಸ್ಬೇಕು, ಅಜ್ಜ ಅಜ್ಜಿಯರಲ್ಲಿ ಒಬ್ರು ಯೆಹೂದ್ಯರಾಗಿದ್ರೂ ಆಗಲ್ಲ. ಪ್ರೂಫ್ ಎಲ್ಲಿಂದ ತರೋದು? ಇಡೀ ಜರ್ಮನಿಗೆ ಸರ್ಕಾರಿ ಜನನ ನೋಂದಣಿ ಬಂದಿದ್ದೇ 1876ರಲ್ಲಿ, ಅದಕ್ಕಿಂತ ಹಿಂದಿಂದು ಬೇಕಂದ್ರೆ ಹೆಚ್ಚಾಗಿ ಚರ್ಚಿನ ಬ್ಯಾಪ್ಟಿಸಮ್ ರಿಜಿಸ್ಟರೇ ಗತಿ. ಹಾಗಾಗಿ ಪಾಸ್ಟರುಗಳು, ಚರ್ಚ್ ಕ್ಲರ್ಕುಗಳು ಕೂತ್ಕೊಂಡು ಹಳೇ ಪುಟ ತಿರುವಿ, ಹೆಸರು ತಾರೀಖು ಕಾಪಿ ಮಾಡಿ, ಸೀಲ್ ಒತ್ತಿ ಕೊಟ್ರು. ಬರ್ಲಿನ್ನಲ್ಲಂತೂ 1936ರಲ್ಲಿ ಕಾರ್ಲ್ ಥೇಮೆಲ್ ಅನ್ನೋ ಪಾಸ್ಟರ್ ನೇತೃತ್ವದಲ್ಲಿ ಹಳೇ ರಿಜಿಸ್ಟರ್‌ಗಳನ್ನೆಲ್ಲ ಒಂದು ಕಡೆ ಸೇರಿಸಿ, ಯೆಹೂದ್ಯ ಮೂಲದಿಂದ ಬಂದು ಬ್ಯಾಪ್ಟಿಸಮ್ ಆದವ್ರನ್ನ ಹುಡುಕಿ ಕಾರ್ಡ್ ಮಾಡಿ ಇಟ್ರು, ಮಾಹಿತಿ ಸರ್ಕಾರಕ್ಕೂ ಹೋಯ್ತು. ಯಾರನ್ನ ಸಭೆಗೆ ಸೇರಿಸ್ಕೊಂಡ್ವಿ ಅಂತ ಬರೆದಿಟ್ಟ ಪುಸ್ತಕದಿಂದಾನೇ ಯಾರನ್ನ ಹೊರಗೆ ಹಾಕ್ಬೇಕು ಅಂತ ಲಿಸ್ಟ್ ತೆಗೆದ್ರು.

ಇಲ್ಲಿ ನಿಲ್ಲಿಸಿ ಗುಂಪಿಗೆ ಕೇಳಿ, ನೀವು ಆ ಕ್ಲರ್ಕ್ ಆಗಿದ್ರೆ ಎಷ್ಟನೇ ಅರ್ಜಿಗೆ ಇದ್ಯಾಕೆ ಅಂತ ಕೇಳ್ತಿದ್ರಿ? ಮೊದಲ್ನೇದಕ್ಕೆ ಯಾರೂ ಕೇಳಲ್ಲ, ಮೊದಲ್ನೇದು ಯಾವನೋ ಸ್ಕೂಲ್ ಮೇಷ್ಟ್ರುದು, ಕೆಲ್ಸ ಉಳಿಸ್ಕೊಳ್ಳೋಕೆ ಸರ್ಟಿಫಿಕೇಟ್ ಬೇಕು ಪಾಪ ಅವರಿಗೆ. ಉತ್ತರಕ್ಕೆ ಅವಸರ ಮಾಡ್ಬೇಡಿ. ಸುಮ್ನಿದ್ರೆ ಇರ್ಲಿ, ನೀವು ಮಧ್ಯೆ ಬಾಯಿ ಹಾಕಿ ಆ ಸೈಲೆನ್ಸ್ ತುಂಬ್ಸೋಕೆ ಹೋಗ್ಬೇಡಿ.

ಆಮೇಲೆ ಯಾರಾದ್ರೂ ಒಬ್ರು ಖಂಡಿತ ಹೇಳ್ತಾರೆ, "ಅಣ್ಣಾ, ಅವರೆಲ್ಲ ಹೆಸ್ರಿಗೆ ಕ್ರೈಸ್ತರು, ನಿಜವಾದ ವಿಶ್ವಾಸಿಗಳಲ್ಲ." ಇದಕ್ಕೆ ರೆಡಿಯಾಗಿ ಹೋಗಿ. ಆಗಿನ ಜರ್ಮನಿಯ ಆರು ಕೋಟಿ ಚಿಲ್ಲರೆ ಜನದಲ್ಲಿ ಸುಮಾರು 4 ಕೋಟಿ ಪ್ರಾಟೆಸ್ಟೆಂಟ್, 2 ಕೋಟಿ ಕ್ಯಾಥೊಲಿಕ್. ಯೆಹೂದ್ಯರು ಶೇಕಡ 1 ಕೂಡ ಇರ್ಲಿಲ್ಲ. ಸರಿ, ಅದ್ರಲ್ಲಿ ತುಂಬ ಜನ ಹೆಸ್ರಿಗೇ ಅನ್ಕೊಳ್ಳೋಣ. ಮಾರ್ಟಿನ್ ನೀಮೊಲರ್‌ನ ಏನಂತೀರಿ? ಸಭೆಯೊಳಗೆ ಸರ್ಕಾರ ಕೈ ಹಾಕೋದನ್ನ ವಿರೋಧಿಸಿ 1937ರಿಂದ 1945ರವರೆಗೆ ಜೈಲು, ಕ್ಯಾಂಪು ಅಂತ ಕಳೆದ ಪಾಸ್ಟರ್, ಅವರೇ ಮೊದ್ಲು ನಾಜಿಗಳಿಗೆ ವೋಟ್ ಹಾಕಿದ್ದವ್ರು. ಸಭೆ ಮೇಲೆ ನಾಜಿ ಹಿಡಿತ ಒಪ್ಪದ ಪ್ರಾಟೆಸ್ಟೆಂಟರು ಹೊರಡಿಸಿದ 1934ರ ಬಾರ್ಮೆನ್ ಘೋಷಣೆ ಓದಿ, ಕ್ರಿಸ್ತನೊಬ್ಬನೇ ಸಭೆಗೆ ಒಡೆಯ ಅಂತ ಎಷ್ಟು ಧೈರ್ಯವಾಗಿ ಹೇಳತ್ತೆ, ಆದ್ರೆ ಯೆಹೂದ್ಯರ ಬಗ್ಗೆ ಅದ್ರಲ್ಲಿ ಒಂದು ಮಾತಿಲ್ಲ. ಯುದ್ಧ ಮುಗಿದ್ಮೇಲೆ 1945ರ ಅಕ್ಟೋಬರಲ್ಲಿ ಸ್ಟುಟ್‌ಗಾರ್ಟಲ್ಲಿ ಪ್ರಾಟೆಸ್ಟೆಂಟ್ ನಾಯಕರು ತಪ್ಪೊಪ್ಪಿಗೆ ಓದಿದ್ರಲ್ಲ, ಅದ್ರಲ್ಲೂ ಇಲ್ಲ! ನಂಗೆ ಹಿಟ್ಲರ್‌ಗಿಂತ ಇದೇ ಜಾಸ್ತಿ ಕಾಡೋದು, ಒಳ್ಳೆಯವ್ರ ಒಳ್ಳೇತನದಲ್ಲೇ ಇಷ್ಟು ದೊಡ್ಡ ತೂತು.

ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ವಿಷಯಾನೂ ಮುಚ್ಚಿಡ್ಬೇಡಿ. 1543ರಲ್ಲಿ ಅವರು ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಹಾಕಿ ಅಂತ ಬರೆದಿದ್ದು ಇದೆ. 1938ರ ನವೆಂಬರ್ 9-10ರ ರಾತ್ರಿ ನಾಜಿಗಳು ಹಚ್ಚಿದ ಬೆಂಕಿಯಲ್ಲಿ ಅವು ನಿಜವಾಗ್ಲೂ ಉರಿದಾಗ, 10ನೇ ತಾರೀಖು ಲೂಥರ್ ಹುಟ್ಟಿದ ದಿನ ಅಂತ ಖುಷಿಪಟ್ಟು ಥುರಿಂಗಿಯಾದ ಬಿಷಪ್ ಮಾರ್ಟಿನ್ ಸಾಸೆ ಪುಸ್ತಿಕೆ ಹೊರಡಿಸಿದ್ರು.

ಎರಡನೇ ಭಾಗಕ್ಕೆ ಆಗ ನಾಜಿಗಳ ಕೈಲಿದ್ದ ಪೋಲೆಂಡಿನ ಯೂಜೆಫೂಫ್ ಅನ್ನೋ ಊರು ತಗೊಳ್ಳಿ, 1942ರ ಜುಲೈ 13. ಜರ್ಮನಿಯ ಹ್ಯಾಂಬರ್ಗಿನ ರಿಸರ್ವ್ ಪೊಲೀಸ್ ಬೆಟಾಲಿಯನ್ 101, ಸುಮಾರು 500 ಜನ, ಹೆಚ್ಚಿನವ್ರು ಹೆಂಡ್ತಿ ಮಕ್ಕಳಿರೋ ನಡುವಯಸ್ಸಿನವ್ರು, ಬಂದರಲ್ಲಿ ಕೆಲ್ಸ ಮಾಡ್ತಿದ್ದವ್ರು, ಲಾರಿ ಓಡಿಸ್ತಿದ್ದವ್ರು. ಮೇಜರ್ ಟ್ರಾಪ್ ಕಣ್ಣಲ್ಲಿ ನೀರು ತುಂಬ್ಕೊಂಡು ಆರ್ಡರ್ ಹೇಳ್ತಾನೆ, ಊರಿನ ಯೆಹೂದ್ಯ ಹೆಂಗಸ್ರು ಮಕ್ಕಳು ಮುದುಕರನ್ನ ಕೊಲ್ಬೇಕು. ಆಮೇಲೆ, ವಯಸ್ಸಾದವ್ರಲ್ಲಿ ಯಾರಿಗೆ ಇದು ಆಗಲ್ವೋ ಅವರು ಮುಂದೆ ಬರ್ಬೋದು ಅಂತಾನೂ ಹೇಳ್ತಾನೆ. ಮುಂದೆ ಬಂದಿದ್ದು ಹತ್ತು ಹನ್ನೆರಡು ಜನ. ಅವರಿಗೆ ಶಿಕ್ಷೆ ಆಗ್ಲಿಲ್ಲ. ಸಾಯಂಕಾಲದ ಹೊತ್ತಿಗೆ ಸುಮಾರು 1,500 ಜನ ಸತ್ತಿದ್ರು. ಎಷ್ಟೋ ವರ್ಷ ಆದ್ಮೇಲೆ ವಿಚಾರಣೆಯಲ್ಲಿ ಅವರಲ್ಲೊಬ್ಬ ಹೇಳಿದ್ದು, ಪಕ್ಕದವನು ತಾಯಿನ ಕೊಲ್ತಿದ್ದ, ತಾಯಿ ಇಲ್ದೆ ಮಗು ಹೆಂಗೂ ಬದುಕಲ್ಲ ಅಂತ ತಾನು ಮಕ್ಕಳನ್ನ ಮಾತ್ರ ಕೊಂದೆ ಅಂತ. ಕರುಣೆ ಅಂತೆ! ಯೆರೆಮೀಯ 17:9 ಓದೋದಾದ್ರೆ ಇಲ್ಲಿ ಓದಿ, ಹೃದಯ ಎಲ್ಲಕ್ಕಿಂತ ವಂಚಕ ಅನ್ನೋ ವಾಕ್ಯ.

ಈಗ ನಮ್ಮವ್ರ ಬಾಯಿಗೆ ತಕ್ಷಣ ಬರೋದು ರೋಮಾಪುರ 3:23, ಎಲ್ಲರೂ ಪಾಪ ಮಾಡಿದ್ದಾರೆ. ನಿಜಾನೇ, ಆದ್ರೆ ಹುಷಾರು. ಎಲ್ರೂ ಪಾಪಿಗಳು ಅನ್ನೋದನ್ನ ಸುಮ್ನೆ ಹಾಗೇ ಬಿಟ್ರೆ ಯಾರೂ ಜವಾಬ್ದಾರರಲ್ಲ ಅಂದಂಗಾಗತ್ತೆ, ಮುಂದೆ ಬಂದ ಆ ಹತ್ತು ಹನ್ನೆರಡು ಜನಕ್ಕೂ ಉಳಿದವ್ರಿಗೂ ವ್ಯತ್ಯಾಸಾನೇ ಇಲ್ಲ ಅಂದಂಗೆ. ತಮ್ಮನನ್ನ ಕೊಂದ ಕಾಯಿನನ ಕಥೆಯಲ್ಲಿ ದೇವರು ಹಾಗೆ ಮಾಡಲ್ಲ ನೋಡಿ, ಕೊಲೆಗೆ ಮುಂಚೇನೇ, ಪಾಪ ಬಾಗಿಲಲ್ಲಿ ಹೊಂಚು ಹಾಕ್ಕೊಂಡಿದೆ, ನೀನು ಅದನ್ನ ಹತೋಟಿಯಲ್ಲಿ ಇಟ್ಕೋಬೇಕು ಅಂತ ಅವನಿಗೆ ನೇರವಾಗಿ ಹೇಳ್ತಾರೆ. ಅಂದ್ರೆ ಅದು ಅವನ ಕೈಲಿ ಆಗತ್ತೆ ಅಂತಾನೇ ಅರ್ಥ. ಆದಿಕಾಂಡ 4ನ್ನ ಯೂಜೆಫೂಫ್ ಪಕ್ಕ ಇಟ್ಟು ಒಂದರ್ಧ ಗಂಟೆ ಮಾತಾಡಿ, ಇಡೀ ಸ್ಟಡಿಯ ಜೀವ ಇರೋದು ಅಲ್ಲೇ.

ಮಾಡ್ಬಾರದ್ದು ಕೆಲವು ಬೇಗ ಹೇಳ್ಬಿಡ್ತೀನಿ. ನೀನು ನಾಜಿ, ನೀನು ಯೆಹೂದಿ ಅಂತ ಸ್ಕಿಟ್ ಮಾಡಿಸ್ಬೇಡಿ. ಹೆಣಗಳ ಫೋಟೋ ಬೇಡ. ಯೇಸುವನ್ನ ತಿರಸ್ಕರಿಸಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಯಾರಾದ್ರೂ ಅಂದ್ರೆ ಅಲ್ಲೇ ತಡೀರಿ, ಪ್ರೀತಿಯಿಂದಾನೇ, ಆದ್ರೆ ತಡೀರಿ. ಯೆಹೆಜ್ಕೇಲ 37ರ ಒಣ ಎಲುಬು, 1948ರಲ್ಲಿ ಇಸ್ರೇಲ್ ದೇಶ ಆಗಿದ್ದು, ಕಡೇ ದಿನಗಳು ಅಂತ ಪ್ರವಾದನೆ ಲೆಕ್ಕಕ್ಕೆ ಇಳಿದ್ರೆ ಸ್ಟಡಿ ಅಲ್ಲಿಗೆ ಮುಗೀತು, ಸತ್ತವ್ರನ್ನೆಲ್ಲ ಯಾವುದೋ ಪ್ಲಾನಿನ ಮೊದಲ ಹಂತ ಮಾಡಿದಂಗೆ. ಕ್ಷಮೆ ಬಗ್ಗೆ ಕೇಳಿದ್ರೆ, ಕ್ಷಮಿಸೋ ಹಕ್ಕು ಇದ್ದವ್ರು ಸತ್ತುಹೋಗಿದಾರೆ, ಅವರ ಪರವಾಗಿ ನಾವು ಇಲ್ಲಿ ಕೂತು ಕ್ಷಮಿಸೋಕಾಗಲ್ಲ ಅಂತ ಹೇಳಿ ಬಿಡಿ.

ಹಿಟ್ಲರ್ ವಿರುದ್ಧ ನಿಂತು ಪ್ರಾಣ ಕೊಟ್ಟ ಜರ್ಮನ್ ಪಾಸ್ಟರ್ ಬೊನ್ಹಾಫರ್ ಕಥೆ ಎಲ್ರಿಗೂ ಇಷ್ಟ, ಅದನ್ನ ಕೊನೆಗಿಡಿ, ಚಿಕ್ಕದಾಗಿ. ಮೊದ್ಲೇ ಹೇಳಿದ್ರೆ ಎಲ್ರೂ ತಾವೇ ಬೊನ್ಹಾಫರ್ ಅನ್ಕೊಂಡ್ಬಿಡ್ತಾರೆ. ಅದ್ರ ಬದ್ಲು ಯೂಲಿಯುಸ್ ಫಾನ್ ಯಾನ್ ಬಗ್ಗೆ ಹೇಳಿ, ಓಬರ್‌ಲೆನಿಂಗನ್ ಅನ್ನೋ ಹಳ್ಳಿಯ ಪಾಸ್ಟರ್, ಸಭಾಮಂದಿರಗಳು ಉರಿದ ಮರುವಾರಾನೇ, ನವೆಂಬರ್ 16ರ ಪಶ್ಚಾತ್ತಾಪದ ಆರಾಧನೆಯಲ್ಲಿ ಯೆರೆಮೀಯ 22:29 ಇಟ್ಕೊಂಡು ಇದು ಪಾಪ ಅಂತ ಪುಲ್ಪಿಟ್‌ನಿಂದಾನೇ ಹೇಳಿದ್ರು. ಕೆಲವೇ ದಿನದಲ್ಲಿ ಗುಂಪು ಬಂದು ಹೊಡೀತು, ಆಮೇಲೆ ಜೈಲು. ಅವರು ಮಾಡಿದ್ದು ಆ ವಾರದ ಪ್ರಸಂಗ, ಅಷ್ಟೇ.

ಇನ್ನೊಂದು ಕೆಲ್ಸ ಇದೆ, ಅದು ಸ್ಟಡಿ ಆದ್ಮೇಲಿಂದು. ಗುಡ್ ಫ್ರೈಡೇಗೆ ಶಿಲುಬೆಯ ಏಳು ಮಾತುಗಳನ್ನ ಒಬ್ಬೊಬ್ಬರಿಗೆ ಹಂಚ್ತಾರಲ್ಲ, ಮಾತಾಡುವಾಗ "ಯೇಸುವನ್ನ ಕೊಂದ ಯೆಹೂದ್ಯರು" ಅಂತ ಸಲೀಸಾಗಿ ಬಂದ್ಬಿಡತ್ತೆ, ಮತ್ತಾಯ 27:25 ಓದಿ ಆ ರಕ್ತ ಇವತ್ತಿಗೂ ಅವರ ಮಕ್ಕಳ ಮೇಲಿದೆ ಅಂತಾನೂ ಕೆಲವ್ರು ಸೇರಿಸ್ತಾರೆ. ಶಿಲುಬೆಗೆ ಹಾಕಿದ್ದು ರೋಮನ್ ಅಧಿಕಾರಿ ಪಿಲಾತನ ಸೈನಿಕ್ರು, ಯೇಸು, ಮರಿಯ, ಪೇತ್ರ ಎಲ್ರೂ ಯೆಹೂದ್ಯರೇ. ಕ್ಯಾಥೊಲಿಕ್ ಸಭೆ 1965ರಲ್ಲೇ ಈ ಆರೋಪ ಎಲ್ಲ ಯೆಹೂದ್ಯರ ಮೇಲೆ ಹೊರಿಸ್ಬಾರ್ದು ಅಂತ ಅಧಿಕೃತವಾಗಿ ಹೇಳಿದೆ. ಮಾತಾಡೋರ ಲಿಸ್ಟ್ ಫೈನಲ್ ಆಗೋಕ್ ಮುಂಚೇನೇ ನಿಮ್ಮ ಸಭಾಪಾಲಕರನ್ನ ಕಂಡು ಇದನ್ನ ಹೇಳಿ, ಪ್ರತಿಯೊಬ್ಬರಿಗೂ ಚೀಟಿ ಕೊಡುವಾಗ ಅವರೇ ಎರಡು ಮಾತು ಹೇಳ್ಬಿಟ್ರೆ ಸಾಕು.